ಒಂದೇ ಚಿತ್ರ, ನಾಲ್ಕು ಊರು: 1493ರ ನ್ಯೂರೆಂಬರ್ಗ್ ಕ್ರಾನಿಕಲ್‌ನ ಮರದ ಅಚ್ಚುಗಳನ್ನು ಎಷ್ಟು ನಂಬಬಹುದು?

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಈಚೆಗೆ 1493ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಊರಿನಲ್ಲಿ ಅಚ್ಚಾದ ಲೋಕದ ಇತಿಹಾಸದ ಪುಸ್ತಕ, ನ್ಯೂರೆಂಬರ್ಗ್ ಕ್ರಾನಿಕಲ್‌ನ ಡಿಜಿಟಲ್ ಪ್ರತಿ ನೋಡುತ್ತಿದ್ದೆ. ಚಿತ್ರಗಳು ತುಂಬಾ ಚೆನ್ನಾಗಿವೆ. ಆದರೆ ಡಮಾಸ್ಕಸ್‌ಗೆ ಹಾಕಿದ ಚಿತ್ರವನ್ನೇ ಮಿಲಾನ್‌ಗೂ ಹಾಕಿದ್ದಾರೆ. ಒಬ್ಬ ರಾಜನ ಮುಖವೇ ಇನ್ನೊಬ್ಬನಿಗೂ ಇದೆ. ಇದು ಓದುವವರಿಗೆ ಮಾಡಿದ ಮೋಸ ಅಲ್ವಾ? ಇಂಥ ಚಿತ್ರಗಳನ್ನು ಇತಿಹಾಸದ ಆಧಾರ ಅಂತ ಮಕ್ಕಳಿಗೆ ತೋರಿಸಬಹುದಾ? ಇನ್ನೊಂದು ವಿಷಯ: ಇದೇ ಪುಸ್ತಕದ ಒಂದು ಬಿಡಿ ಹಾಳೆ, ಜರ್ಮನಿಯ ಹೆಸರಾಂತ ಚಿತ್ರಗಾರ ಡ್ಯೂರರ್ ಬಿಡಿಸಿದ್ದು ಅಂತ ಹೇಳಿ, ಮಾರಾಟಕ್ಕೆ ಬಂದಿದೆ. ಕೊಳ್ಳಬಹುದಾ?

ಉತ್ತರ: ಮೋಸ ಅಲ್ಲ, ಮೇಡಂ. ಆದರೆ ನಿಮ್ಮ ಅನುಮಾನವನ್ನು ಬಿಡಬೇಡಿ. ಅದನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ, ಅಷ್ಟೆ. ಪದೇ ಪದೇ ಬರುವ ಚಿತ್ರಗಳಿಂದ ಯಾರಿಗೂ ಹಾನಿ ಇಲ್ಲ. ಎಚ್ಚರ ಬೇಕಾಗಿರುವುದು ಒಂದೇ ಸಲ ಬರುವ, ಹೆಸರು ವಿವರ ಎಲ್ಲ ಸರಿಯಾಗಿ ತುಂಬಿರುವ ಚಿತ್ರಗಳ ವಿಷಯದಲ್ಲಿ. ಯಾಕೆ ಅಂತ ಹೇಳುತ್ತೇನೆ. ಅದಕ್ಕೆ ಮೊದಲು ಈ ಪುಸ್ತಕ ಹೇಗೆ ತಯಾರಾಯಿತು ಅನ್ನುವುದು ಗೊತ್ತಿರಬೇಕು.

ಇದನ್ನು ಬರೆದವನು ಹಾರ್ಟ್‌ಮನ್ ಶೇಡೆಲ್. ವೃತ್ತಿಯಿಂದ ವೈದ್ಯ. ಇಟಲಿಯ ಪಡುವಾದಲ್ಲಿ ಓದಿ ಬಂದವನು, ಪುಸ್ತಕದ ಹುಚ್ಚು ಇದ್ದವನು. ಬರೆದವನು ಅನ್ನುವುದಕ್ಕಿಂತ ಜೋಡಿಸಿದವನು ಅಂದರೆ ಸರಿ. ಹಳೆಯ ಗ್ರಂಥಗಳಿಂದ ಭಾಗಗಳನ್ನು ಎತ್ತಿ ಸೇರಿಸಿದ್ದಾನೆ. ಅದರಲ್ಲೂ ಇಟಲಿಯ ಬೆರ್ಗಾಮೊದ ಸನ್ಯಾಸಿ ಫೊರೆಸ್ತಿ 1483ರಲ್ಲಿ ಅಚ್ಚು ಹಾಕಿಸಿದ್ದ ಇತಿಹಾಸದಿಂದ ತುಂಬಾ ತೆಗೆದುಕೊಂಡಿದ್ದಾನೆ. ಆ ಕಾಲದಲ್ಲಿ ಇದನ್ನು ಕಳ್ಳತನ ಅಂತ ಯಾರೂ ನೋಡುತ್ತಿರಲಿಲ್ಲ. ಬೈಬಲಿನ ಸೃಷ್ಟಿಯಿಂದ ಶುರುಮಾಡಿ ತನ್ನ ಕಾಲದವರೆಗೆ ಲೋಕದ ಕಥೆಯನ್ನು ಆರು ಯುಗಗಳಾಗಿ ಭಾಗ ಮಾಡಿದ್ದಾನೆ. ಏಳನೆಯದು ಲೋಕ ಮುಗಿಯುವ ಕಾಲದ್ದು. ಆರಕ್ಕೂ ಏಳಕ್ಕೂ ನಡುವೆ ಕೆಲವು ಹಾಳೆ ಖಾಲಿ ಬಿಟ್ಟಿದ್ದಾರೆ. ಇಲ್ಲಿಂದ ಪ್ರಳಯದವರೆಗೆ ನಡೆಯುವುದನ್ನು ಕೊಂಡವರೇ ಬರೆದುಕೊಳ್ಳಲಿ ಅಂತ! ಮೂರು ಹಾಳೆ ಸಾಕು ಅಂತ ಅವರಿಗೆ ಅನ್ನಿಸಿತ್ತು ಅನ್ನುವುದೇ ಆ ಕಾಲದ ಮನಸ್ಸನ್ನು ಎಷ್ಟೋ ಹೇಳುತ್ತದೆ. ನಿಮ್ಮ ಮಕ್ಕಳಿಗೆ ಮೊದಲು ತೋರಿಸಬೇಕಾದ್ದು ಆ ಖಾಲಿ ಹಾಳೆಗಳನ್ನೇ ಅಂತ ನನಗೆ ಅನ್ನಿಸುತ್ತದೆ.

ಹಣ ಹಾಕಿದವರು ನ್ಯೂರೆಂಬರ್ಗಿನ ಇಬ್ಬರು ಸಿರಿವಂತರು, ಸೆಬಾಲ್ಡ್ ಶ್ರೈಯರ್ ಮತ್ತು ಅವನ ನೆಂಟ ಸೆಬಾಸ್ಟಿಯನ್ ಕಾಮರ್‌ಮೈಸ್ಟರ್. ಚಿತ್ರಗಳ ಹೊಣೆ ಮಿಖಾಯೆಲ್ ವೋಲ್ಗೆಮೂಟ್‌ನದು. ಜೊತೆಗೆ ಅವನ ಹೆಂಡತಿಯ ಮೊದಲ ಮದುವೆಯ ಮಗ ವಿಲ್ಹೆಲ್ಮ್ ಪ್ಲೈಡನ್‌ವುರ್ಫ್. ಅಚ್ಚು ಹಾಕಿದವನು ಆಂಟನ್ ಕೋಬರ್ಗರ್. ಆಗಿನ ಯುರೋಪಿನ ದೊಡ್ಡ ಮುದ್ರಕರಲ್ಲಿ ಒಬ್ಬ. ಅವನ ಹತ್ತಿರ 24 ಪ್ರೆಸ್, ನೂರು ಜನ ಕೆಲಸಗಾರರು ಇದ್ದರು ಅಂತ ನ್ಯೂರೆಂಬರ್ಗಿನವನೇ ಒಬ್ಬ ಅರ್ಧ ಶತಮಾನದ ನಂತರ ಬರೆದಿದ್ದಾನೆ. ಚಿತ್ರಗಾರರ ಜೊತೆ 1491ರ ಡಿಸೆಂಬರ್ 29ರಂದು, ಕೋಬರ್ಗರ್ ಜೊತೆ 1492ರ ಮಾರ್ಚ್ 16ರಂದು ಕರಾರು ಆಯಿತು. ಈ ಕರಾರುಗಳು ಇವತ್ತಿಗೂ ಓದಲು ಸಿಗುತ್ತವೆ. ಮರದ ಬ್ಲಾಕುಗಳನ್ನು, ಪುಟದ ನಕ್ಷೆಗಳನ್ನು ಬೀಗ ಹಾಕಿದ ಕೋಣೆಯಲ್ಲಿ ಇಡಬೇಕು. ಅಚ್ಚಾಗುವಾಗ ಇಬ್ಬರು ಚಿತ್ರಗಾರರಲ್ಲಿ ಒಬ್ಬರಾದರೂ ಪ್ರೆಸ್ಸಿನಲ್ಲಿ ಇರಬೇಕು. ಇಷ್ಟು ಹುಷಾರಾಗಿ ಮಾಡಿದ ಕೆಲಸ ಇದು. ಲ್ಯಾಟಿನ್ ಪುಸ್ತಕ 1493ರ ಜುಲೈ 12ಕ್ಕೆ ಮುಗಿಯಿತು. ಗೇಯೋರ್ಗ್ ಆಲ್ಟ್ ಮಾಡಿದ ಜರ್ಮನ್ ಅನುವಾದ ಅದೇ ವರ್ಷ ಡಿಸೆಂಬರ್ 23ಕ್ಕೆ.

ಇನ್ನೊಂದು ಅಪರೂಪದ ಸಂಗತಿ ಇದೆ. ಪುಟ ಪುಟಕ್ಕೂ ಚಿತ್ರ ಎಲ್ಲಿ ಬರಬೇಕು, ಮಾತು ಎಲ್ಲಿ ಹರಿಯಬೇಕು ಅಂತ ಮೊದಲೇ ಕೈಯಲ್ಲಿ ಬರೆದು ಗೀಚಿ ಮಾಡಿದ ಮಾದರಿ ಪುಸ್ತಕಗಳು, ಲ್ಯಾಟಿನ್ನಿನದೂ ಜರ್ಮನ್ನಿನದೂ, ಉಳಿದುಕೊಂಡಿವೆ. ನ್ಯೂರೆಂಬರ್ಗಿನ ನಗರ ಗ್ರಂಥಾಲಯದಲ್ಲಿವೆ. ಆ ಕಾಲದ ಮುದ್ರಿತ ಪುಸ್ತಕಕ್ಕೆ ಇಂಥದ್ದು ಸಿಗುವುದು ತೀರಾ ಕಮ್ಮಿ. ಅದನ್ನು ನೋಡಿದರೆ ಒಂದು ಮಾತು ಖಾತ್ರಿಯಾಗುತ್ತದೆ. ಚಿತ್ರ ಮರುಬಳಕೆ ಮಾಡಿದ್ದು ಕೊನೇ ಗಳಿಗೆಯ ಅವಸರದಿಂದಲ್ಲ. ಲೆಕ್ಕ ಹಾಕಿ, ಯೋಜನೆ ಮಾಡಿಯೇ ಮಾಡಿದ್ದು.

ಈಗ ಮರದ ಅಚ್ಚಿನ ಕೆಲಸಕ್ಕೆ ಬರೋಣ. ಉದ್ದಕ್ಕೆ ಸೀಳಿ ಒಣಗಿಸಿದ ಹಲಗೆ ಬೇಕು. ಆ ಕಡೆ ಈ ಕೆಲಸಕ್ಕೆ ಪೇರ್ ಹಣ್ಣಿನ ಮರ ಒಳ್ಳೆಯದು, ಯಾಕಂದರೆ ಅದರ ನಾರು ಸಣ್ಣ, ಎಲ್ಲ ಕಡೆ ಒಂದೇ ಸಮ. ಹಲಗೆಯನ್ನು ನುಣ್ಣಗೆ ಉಜ್ಜಿ, ಅದರ ಮೇಲೆ ಚಿತ್ರಗಾರ ಶಾಯಿಯಲ್ಲಿ ಬಿಡಿಸುತ್ತಾನೆ. ಎಲ್ಲವೂ ಎಡ ಬಲ ತಿರುವು ಮುರುವಾಗಿರಬೇಕು. ಆಮೇಲೆ ಕೆಲಸ ಕೆತ್ತುವವನ ಕೈಗೆ ಹೋಗುತ್ತದೆ. ಅವನು ಬೇರೆ ಮನುಷ್ಯ, ಬೇರೆ ಕಸುಬು. ಚಾಕುವಿನಿಂದ ಪ್ರತಿ ಗೆರೆಯ ಎರಡೂ ಬದಿ ಕೊಯ್ದು, ಗೆರೆ ಇಲ್ಲದ ಜಾಗದ ಮರವನ್ನೆಲ್ಲ ಉಳಿಯಿಂದ ತೆಗೆದುಹಾಕುತ್ತಾನೆ. ಕೊನೆಗೆ ಗೆರೆಗಳು ಮಾತ್ರ ಗೋಡೆಯ ಹಾಗೆ ಎದ್ದು ನಿಲ್ಲುತ್ತವೆ. ಶಾಯಿ ಹತ್ತುವುದು ಆ ಎದ್ದ ಗೆರೆಗೆ.

ಒಂದು ಗೆರೆಗೆ ಇಷ್ಟು ಕೆಲಸ. ಹಾಗಿದ್ದರೆ ನೆರಳು ತೋರಿಸಲು ಗೆರೆಗಳನ್ನು ಅಡ್ಡಡ್ಡ ದಾಟಿಸಿದರೆ? ಪೆನ್ನಿನಲ್ಲಾದರೆ ಎರಡು ಕ್ಷಣದ ಕೆಲಸ. ಮರದಲ್ಲಿ ಆ ಜಾಲರಿಯ ಒಂದೊಂದು ಕಿಂಡಿಯನ್ನೂ, ಎಳ್ಳಿನಷ್ಟು ಚಿಕ್ಕದನ್ನು, ಬೇರೆ ಬೇರೆಯಾಗಿ ಕಿತ್ತು ತೆಗೆಯಬೇಕು. ಸುತ್ತಲಿನ ಗೆರೆ ಒಂದು ಮುರಿದರೂ ಬ್ಲಾಕ್ ಕೆಟ್ಟಿತು. ಅದಕ್ಕೇ ಹಳೆಯ ಮರದ ಅಚ್ಚುಗಳಲ್ಲಿ ಹೊರಗೆರೆ ಮಾತ್ರ ಇರುತ್ತಿತ್ತು. ಉಳಿದದ್ದನ್ನು ಬಣ್ಣ ತುಂಬುವವರಿಗೆ ಬಿಡುತ್ತಿದ್ದರು. ವೋಲ್ಗೆಮೂಟ್‌ನ ಕಾರ್ಖಾನೆಯಲ್ಲಿ ಇದು ಬದಲಾಯಿತು. ಶುರುವಿನಲ್ಲಿ ದೇವರು ಸಿಂಹಾಸನದ ಮೇಲೆ ಕೂತಿರುವ ಪುಟದಗಲದ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಬಟ್ಟೆಯ ಮಡಿಕೆಗಳಲ್ಲಿ ಗೆರೆಗಳು ಒತ್ತೊತ್ತಾಗಿ ಬಾಗಿ ಹೋಗಿ ನೆರಳು ಕೊಡುತ್ತವೆ. ಬಣ್ಣ ಇಲ್ಲದೆಯೂ ಚಿತ್ರ ನಿಲ್ಲುತ್ತದೆ. ಇದಕ್ಕೆ 1490ರಲ್ಲಿ ಮಾಡಿದ ಕರಡು ಚಿತ್ರ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಕಾಗದದ ಮೇಲಿನ ಸಲೀಸು ಗೆರೆ ಮರಕ್ಕೆ ಬರುವಾಗ ಎಷ್ಟು ಗಟ್ಟಿಯಾಗುತ್ತದೆ ಅಂತ ಕಾಣುತ್ತದೆ.

ಚಿತ್ರಕ್ಕೆ ಮರವೇ ಯಾಕೆ? ತಾಮ್ರದ ತಗಡಿನಲ್ಲಿ ಇನ್ನೂ ನಾಜೂಕಾಗಿ ಕೊರೆಯುವುದು ಆಗಲೇ ಗೊತ್ತಿತ್ತು. ಆದರೆ ತಾಮ್ರದಲ್ಲಿ ಶಾಯಿ ನಿಲ್ಲುವುದು ಗೀರಿನ ಒಳಗೆ. ಅದನ್ನು ಒತ್ತಲು ಬೇರೆ ಥರದ ಪ್ರೆಸ್ ಬೇಕು. ಹಾಳೆಯನ್ನು ಎರಡು ಸಲ ಒತ್ತಬೇಕು. ಮರದ ಬ್ಲಾಕನ್ನು ಅಚ್ಚುಮೊಳೆಗಳ (ಒಂದೊಂದು ಅಕ್ಷರದ ಲೋಹದ ಅಚ್ಚುಗಳ) ಎತ್ತರಕ್ಕೆ ಸರಿಯಾಗಿ ಕೊಯ್ದರೆ ಮೊಳೆಗಳ ನಡುವೆಯೇ ಕೂರಿಸಬಹುದು. ಒಂದೇ ಸಲ ಶಾಯಿ, ಒಂದೇ ಒತ್ತು, ಮಾತೂ ಚಿತ್ರವೂ ಒಟ್ಟಿಗೆ ಬರುತ್ತವೆ. ನ್ಯೂರೆಂಬರ್ಗಿಗೆ ಹತ್ತಿರದ ಬಾಂಬರ್ಗ್‌ನಲ್ಲಿ ಆಲ್ಬ್ರೆಕ್ಟ್ ಫಿಸ್ಟರ್ ಅನ್ನುವವನು 1461ರಲ್ಲೇ ಮೊಳೆಯ ಪುಸ್ತಕಕ್ಕೆ ಮರದ ಚಿತ್ರ ಸೇರಿಸಿದ್ದ. ಮೂವತ್ತು ವರ್ಷದಲ್ಲಿ ಅದೇ ಉಪಾಯ ಎಷ್ಟು ದೂರ ಬಂತು ಅನ್ನುವುದಕ್ಕೆ ಈ ಕ್ರಾನಿಕಲ್ ಸಾಕ್ಷಿ.

ಈಗ ನಿಮ್ಮ ಮೊದಲ ಪ್ರಶ್ನೆ. ಈ ಪುಸ್ತಕದಲ್ಲಿ 1,809 ಚಿತ್ರಗಳಿವೆ. ಅವನ್ನೆಲ್ಲ ಒತ್ತಿದ್ದು 645 ಬ್ಲಾಕುಗಳಿಂದ. ಅಂದರೆ ಒಂದೊಂದು ಬ್ಲಾಕ್ ಸರಾಸರಿ ಸುಮಾರು ಮೂರು ಸಲ ದುಡಿದಿದೆ. ನೀವು ನೋಡಿದ ಆ ಊರಿನ ಚಿತ್ರ ಡಮಾಸ್ಕಸ್, ಫೆರಾರಾ, ಮಿಲಾನ್, ಮಾಂಟುವಾ ಹೀಗೆ ನಾಲ್ಕಕ್ಕೂ ನಿಂತಿದೆ. ರಾಜರು, ಪೋಪ್‌ಗಳು, ಪಂಡಿತರು, ಸಂತರು ಇವರ ಅರ್ಧ ಮೈಯ ಚಿತ್ರಗಳದ್ದೂ ಇದೇ ಕಥೆ. ಒಂದೇ ಗಡ್ಡದವನು ಒಂದು ಕಡೆ ಪ್ರವಾದಿ, ಇನ್ನೊಂದು ಕಡೆ ತತ್ವಜ್ಞಾನಿ.

ಖರ್ಚು ಒಂದು ಕಾರಣ, ನಿಜ. ಆದರೆ ಅಷ್ಟೇ ಅಲ್ಲ. ನಮ್ಮ ಊರೂರಲ್ಲಿರುವ ವೀರಗಲ್ಲು ನೆನಪಿಸಿಕೊಳ್ಳಿ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಅವನು ಶಿವಲಿಂಗದ ಮುಂದೆ ಕೂತಿರುವುದು. ಒಂದು ಊರಿನ ಕಲ್ಲಿಗೂ ಹತ್ತು ಹರಿದಾರಿ ಆಚೆಯ ಕಲ್ಲಿಗೂ ವೀರನ ಮುಖದಲ್ಲಿ ಫರಕು ಕಾಣುವುದಿಲ್ಲ. ಇದು ಆ ಮನುಷ್ಯನ ಮುಖವಲ್ಲ, ಮೋಸ ಅಂತ ನಾವು ಯಾರೂ ಹೇಳುವುದಿಲ್ಲ. ತುರು ಕಾಯುತ್ತಾ ಸತ್ತವನು ಯಾರು, ಯಾವ ಊರಿನವನು ಅಂತ ಹೇಳುವುದು ಶಾಸನದ ಕೆಲಸ. ಇಲ್ಲಿ ಒಬ್ಬ ವೀರ ಸತ್ತ, ಅವನು ಮೇಲಿನ ಲೋಕ ಸೇರಿದ ಅಂತ ತಿಳಿಸುವುದು ಚಿತ್ರದ ಕೆಲಸ. ಶೇಡೆಲ್‌ನ ಪುಸ್ತಕದಲ್ಲೂ ಹಾಗೇ. ಕೋಟೆ, ಗೋಪುರ, ಬಾಗಿಲು ಇರುವ ಚಿತ್ರ ಬಂದರೆ ಇಲ್ಲಿಂದ ಒಂದು ಊರಿನ ಕಥೆ ಶುರು. ಮೂರು ಸುತ್ತಿನ ಕಿರೀಟದವನು ಬಂದರೆ ಒಬ್ಬ ಪೋಪ್. ಆ ಕಾಲದ ಓದುಗರು ಹೀಗೇ ನೋಡುತ್ತಿದ್ದರು. ಪುಟ ತಿರುವುತ್ತಾ ಬೇಕಾದ ಜಾಗ ಹುಡುಕಲು, ಓದಿದ್ದನ್ನು ನೆನಪಿಡಲು ಈ ಚಿತ್ರಗಳು ತುಂಬಾ ಉಪಯೋಗಕ್ಕೆ ಬರುತ್ತವೆ. ಆರುನೂರಕ್ಕೂ ಜಾಸ್ತಿ ದೊಡ್ಡ ಪುಟಗಳ ಪುಸ್ತಕ ಇದು ಅನ್ನುವುದನ್ನು ಮರೆಯಬೇಡಿ.

ಆದರೆ ಎಲ್ಲ ಊರಿನ ಚಿತ್ರವೂ ಹಾಗಲ್ಲ. ಸುಮಾರು ಮೂವತ್ತು ಊರುಗಳ ನೋಟ ನಿಜವಾದದ್ದು, ಅಥವಾ ನಿಜವಾದ ನೋಟವನ್ನು ಆಧರಿಸಿದ್ದು. ಗುರುತಿಸುವುದು ಸುಲಭ. ಇವು ಸಾಮಾನ್ಯವಾಗಿ ಎದುರುಬದುರು ಎರಡು ಪುಟಕ್ಕೂ ಹರಡಿಕೊಂಡಿರುತ್ತವೆ. ಕೆಲವು ಕಡೆ ಚರ್ಚುಗಳ ಹೆಸರನ್ನು ಚಿತ್ರದ ಒಳಗೇ ಕೆತ್ತಿರುತ್ತಾರೆ. ವೆನಿಸ್ ಚಿತ್ರವನ್ನು ನೋಡಿ. ಎರ್ಹಾರ್ಡ್ ರೋಯ್ವಿಖ್ ಅನ್ನುವ ಚಿತ್ರಗಾರ 1483ರಲ್ಲಿ ಜೆರುಸಲೇಮ್ ಯಾತ್ರೆಗೆ ಹೊರಟವರ ಜೊತೆ ಹೋಗಿ, ದಾರಿಯಲ್ಲಿ ಕಂಡ ಊರುಗಳನ್ನು ಬಿಡಿಸಿಕೊಂಡು ಬಂದ. 1486ರಲ್ಲಿ ಮೈನ್ಜ್‌ನಲ್ಲಿ ಅಚ್ಚಾದ ಆ ಯಾತ್ರೆಯ ಪುಸ್ತಕದಲ್ಲಿ ವೆನಿಸ್ ಮಡಚಿ ಬಿಚ್ಚುವ ಉದ್ದನೆಯ ಹಾಳೆಯಾಗಿ ಬಂತು. ಅದು ಒಂದೂವರೆ ಮೀಟರಿಗಿಂತ ಉದ್ದ! ವೋಲ್ಗೆಮೂಟ್‌ನವರು ಅದನ್ನೇ ಎದುರಿಗಿಟ್ಟು, ಕುಗ್ಗಿಸಿ ಮಾಡಿದರು.

ಎಲ್ಲಕ್ಕಿಂತ ನಿಧಾನವಾಗಿ ನೋಡಬೇಕಾದ್ದು ನ್ಯೂರೆಂಬರ್ಗಿನದೇ ಚಿತ್ರ. ಲ್ಯಾಟಿನ್ ಪ್ರತಿಯಲ್ಲಿ 99ನೇ ಹಾಳೆಯ ಹಿಂದೆ ಮತ್ತು 100ನೇ ಹಾಳೆಯ ಮುಂದೆ ಇದೆ. ಮೇಲೆ ಗುಡ್ಡದ ಮೇಲಿನ ಅರಮನೆ ಕೋಟೆ. ನಡುವೆ ಸೇಂಟ್ ಲೊರೆನ್ಸ್, ಸೇಂಟ್ ಸೆಬಾಲ್ಡ್ ಚರ್ಚುಗಳು. ಎರಡೂ ಜೋಡಿ ಗೋಪುರದವು, ಎರಡರ ಪಕ್ಕದಲ್ಲೂ ಹೆಸರು. ಸುತ್ತ ಎರಡು ಸುತ್ತಿನ ಗೋಡೆ. ಈಗ ಬಲಗಡೆ ಕೆಳಗೆ, ಗೋಡೆಯ ಆಚೆ, ನೀರಿನ ಪಕ್ಕ ಇರುವ ಕಟ್ಟಡಗಳ ಗುಂಪಿಗೆ ಕಣ್ಣು ಹಾಯಿಸಿ. ಅದು ಉಲ್ಮನ್ ಸ್ಟ್ರೋಮರ್ 1390ರಲ್ಲಿ ಶುರುಮಾಡಿದ ಕಾಗದದ ಗಿರಣಿ. ಜರ್ಮನಿಯ ಮೊದಲ ಕಾಗದದ ಗಿರಣಿ ಅದು. ಕಾಗದದ ಗಿರಣಿಯ ಅತಿ ಹಳೆಯ ಚಿತ್ರ ಇದೇ ಅನ್ನುತ್ತಾರೆ. ತಮ್ಮ ಊರನ್ನು ಬಿಡಿಸುವಾಗ ಆ ಜನ ಗಿರಣಿಯನ್ನು ಬಿಡಲಿಲ್ಲ. ಪುಸ್ತಕ ಮಾಡುವವರಿಗೆ ಕಾಗದ ಅಂದರೆ ಏನು ಅಂತ ಅವರಿಗೆ ಗೊತ್ತಿತ್ತು ಅಲ್ವಾ? ಇದು ಗಟ್ಟಿಯಾದ ಆಧಾರ. ಬೇರೆ ದಾಖಲೆಗಳ ಜೊತೆ ತಾಳೆ ನೋಡಿ, ಇತಿಹಾಸಕಾರರು ಇದನ್ನು ನಿಜವಾಗಿಯೂ ಬಳಸುತ್ತಾರೆ.

ಇಷ್ಟರವರೆಗೆ ಲೆಕ್ಕ ಸುಲಭ. ಪದೇ ಪದೇ ಬಂದದ್ದು ಗುರುತಿಗೆ, ಒಂದೇ ಸಲ ಬಂದದ್ದು ನಿಜ ಅಂತ ಹೇಳಿ ಮುಗಿಸಬಹುದಿತ್ತು. ಹಾಗೆ ಮುಗಿಸಿದರೆ ದೊಡ್ಡ ತಪ್ಪಾಗುತ್ತದೆ. 254ನೇ ಹಾಳೆಯ ಹಿಂಬದಿ ನೋಡಿ. ಟ್ರೆಂಟ್ ಅನ್ನುವ ಊರಿನಲ್ಲಿ 1475ರಲ್ಲಿ ಸೈಮನ್ ಅನ್ನುವ ಪುಟ್ಟ ಮಗು ಸತ್ತ ಕಥೆ ಅಲ್ಲಿದೆ. ಮೇಜಿನ ಮೇಲೆ ಮಗು. ಸುತ್ತ ನಿಂತ ಯಹೂದಿಗಳು ಅದನ್ನು ಕೊಂದು ರಕ್ತ ಹಿಡಿಯುತ್ತಿದ್ದಾರೆ. ಒಬ್ಬೊಬ್ಬರ ಪಕ್ಕದಲ್ಲೂ ಹೆಸರು ಕೆತ್ತಿದ್ದಾರೆ. ಬಟ್ಟೆಯ ಮೇಲೆ ಯಹೂದಿಗಳು ಕಡ್ಡಾಯವಾಗಿ ಹಾಕಿಕೊಳ್ಳಬೇಕಿದ್ದ ದುಂಡನೆಯ ಗುರುತು. ಈ ಚಿತ್ರಕ್ಕೆ ಹೊಸ ಬ್ಲಾಕ್ ಮಾಡಿಸಿದ್ದಾರೆ, ದೊಡ್ಡದಾಗಿ, ಮುತುವರ್ಜಿಯಿಂದ. ನ್ಯೂರೆಂಬರ್ಗ್ ಚಿತ್ರದಲ್ಲಿ ಚರ್ಚುಗಳಿಗೆ ಹೆಸರು ಬರೆದ ಹಾಗೆಯೇ ಇಲ್ಲಿ ಮನುಷ್ಯರಿಗೆ ಬರೆದಿದ್ದಾರೆ. ಆದರೆ ಅಲ್ಲಿ ಬಿಡಿಸಿದ್ದು ಯಾವುದೂ ನಡೆದದ್ದಲ್ಲ. ಆ ಊರಿನ ಯಹೂದಿಗಳ ಮೇಲೆ ಸುಳ್ಳು ಆರೋಪ ಹೊರಿಸಿ, ಚಿತ್ರಹಿಂಸೆ ಕೊಟ್ಟು ಒಪ್ಪಿಸಿ, ಕೊಂದುಹಾಕಿದರು. ಸೈಮನ್‌ನನ್ನು ಸಂತನೆಂದು ಪೂಜಿಸುವುದನ್ನು ಕ್ಯಾಥೋಲಿಕ್ ಚರ್ಚು ನಿಲ್ಲಿಸಿದ್ದು 1965ರಲ್ಲಿ! ಯಹೂದಿಗಳನ್ನು ಸುಡುವ ಚಿತ್ರವೂ ಇದೇ ಪುಸ್ತಕದಲ್ಲಿದೆ. ಪುಸ್ತಕ ಹೊರಬಂದ ಆರು ವರ್ಷದೊಳಗೆ ನ್ಯೂರೆಂಬರ್ಗ್ ತನ್ನ ಊರಿನ ಯಹೂದಿಗಳನ್ನೆಲ್ಲ ಹೊರಗೆ ಅಟ್ಟಿತು.

ಮೇಡಂ, ಡಮಾಸ್ಕಸ್ ಮತ್ತು ಮಿಲಾನ್ ಒಂದೇ ಥರ ಕಂಡರೆ ಯಾರಿಗೂ ಏನೂ ಆಗುವುದಿಲ್ಲ. ಆ ಚಿತ್ರ ತನ್ನನ್ನು ನಂಬಿ ಅಂತ ಕೇಳುವುದೇ ಇಲ್ಲ. ಟ್ರೆಂಟ್ ಚಿತ್ರ ಕೇಳುತ್ತದೆ. ಹೆಸರು, ಬಟ್ಟೆ, ಮೇಜು ಎಲ್ಲ ಇಟ್ಟು ಕಣ್ಣಿಗೆ ಕಟ್ಟಿದ ಹಾಗೆ ತೋರಿಸಿ ಕೇಳುತ್ತದೆ. ಒಂದೇ ಕಾರ್ಖಾನೆ, ಒಂದೇ ಚಾಕು, ಅದೇ ನಾಜೂಕು. ವಿವರ ಜಾಸ್ತಿ ಇದ್ದ ಮಾತ್ರಕ್ಕೆ ಚಿತ್ರ ನಿಜವಾಗುವುದಿಲ್ಲ. ಮಕ್ಕಳಿಗೆ ನ್ಯೂರೆಂಬರ್ಗ್ ಪುಟವನ್ನೂ ಈ ಪುಟವನ್ನೂ ಒಟ್ಟಿಗೆ ತೋರಿಸಿ. ದೊಡ್ಡ ತರಗತಿಯವರಾದರೆ ಖಂಡಿತ ತೋರಿಸಿ. ಎರಡರಲ್ಲಿ ಯಾವುದು ನಿಜ ಅಂತ ಚಿತ್ರ ನೋಡಿ ಹೇಳಲು ಆಗುತ್ತದಾ, ಹೇಳಬೇಕಾದರೆ ಚಿತ್ರದ ಹೊರಗೆ ಇನ್ನೇನು ಬೇಕು ಅಂತ ಕೇಳಿ. ಒಂದು ಇಡೀ ಪೀರಿಯಡ್ ಸಾಲದು.

ಭಾರತದ ವಿಷಯದಲ್ಲೂ ಇದು ಚೆನ್ನಾಗಿ ಕಾಣುತ್ತದೆ. 12ನೇ ಹಾಳೆಯಲ್ಲಿ ವಿಚಿತ್ರ ಜನಗಳ ಸಾಲು ಇದೆ. ನಾಯಿ ತಲೆಯವರು, ಹಣೆಯಲ್ಲಿ ಒಂದೇ ಕಣ್ಣಿನವರು, ತಲೆಯೇ ಇಲ್ಲದೆ ಎದೆಯಲ್ಲಿ ಮುಖ ಇರುವವರು, ಒಂದೇ ಒಂದು ದೊಡ್ಡ ಪಾದವನ್ನು ಕೊಡೆಯ ಹಾಗೆ ಎತ್ತಿ ಬಿಸಿಲಿಗೆ ಮರೆ ಮಾಡಿಕೊಂಡವರು. ಇವರಲ್ಲಿ ಎಷ್ಟೋ ಜನರ ಊರು ಭಾರತ ಅಂತ ಪಕ್ಕದ ಬರಹ ಹೇಳುತ್ತದೆ. ಇದನ್ನೆಲ್ಲ ಶೇಡೆಲ್ ಕಟ್ಟಿದ್ದಲ್ಲ. ರೋಮಿನ ಪ್ಲಿನಿ, ಅವನಿಗೂ ಹಿಂದೆ ಗ್ರೀಕರ ಕ್ಟೀಸಿಯಸ್ ಇವರಿಂದ ಬಂದ ಕಥೆಗಳು. ಅದರ ಬೆನ್ನಿಗೇ ಎರಡು ಪುಟದ ಲೋಕದ ನಕ್ಷೆ ಇದೆ. ಮೂಲೆಗಳಲ್ಲಿ ಬೈಬಲಿನ ನೋಹನ ಮೂವರು ಗಂಡುಮಕ್ಕಳು. ಹಳೇ ಕಾಲದ ಭೂಗೋಳ ಪಂಡಿತ ಟಾಲೆಮಿಯನ್ನು ಅನುಸರಿಸಿದ ನಕ್ಷೆ. ಕೊಲಂಬಸ್ ಅದೇ 1493ರ ಮಾರ್ಚಿನಲ್ಲಿ ವಾಪಸು ಬಂದಿದ್ದ, ಆದರೆ ಆ ಸುದ್ದಿ ಇದರಲ್ಲಿ ಇಲ್ಲ.

ಇದರ ಮುಂದೆ ಇನ್ನೊಂದು ಮರದ ಅಚ್ಚನ್ನು ಇಡಿ. 1505ರಲ್ಲಿ ಪೋರ್ಚುಗಲ್ಲಿನ ಅಲ್ಮೇಡಾ ದೊಡ್ಡ ಹಡಗುಪಡೆ ತಂದ. ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಕೋಟೆ ಶುರುಮಾಡಿ, ಹೊನ್ನಾವರದ ಮೇಲೆ ಬಿದ್ದು, ಅಲ್ಲಿಂದ ಕಣ್ಣೂರು, ಕೊಚ್ಚಿಗೆ ಹೋದ. ಆ ಪಡೆಯ ಜೊತೆ ಜರ್ಮನ್ ವ್ಯಾಪಾರಿಗಳ ಕಡೆಯಿಂದ ಬಾಲ್ತಜಾರ್ ಸ್ಪ್ರೆಂಗರ್ ಅನ್ನುವವನು ಬಂದಿದ್ದ. ಅವನ ಪ್ರಯಾಣದ ವರದಿಗೆ ಸಂಬಂಧಪಟ್ಟು ಆಗ್ಸ್‌ಬರ್ಗಿನ ಹಾನ್ಸ್ ಬುರ್ಕ್‌ಮೈರ್ 1508ರಲ್ಲಿ ಹಲವು ಬ್ಲಾಕುಗಳ ಒಂದು ಉದ್ದನೆಯ ಚಿತ್ರಮಾಲೆ ಮಾಡಿದ. ಅದರಲ್ಲಿ ಆಫ್ರಿಕಾದ ಜನ, ಅರಬರು, ಭಾರತದವರು, ಮೆರವಣಿಗೆಯಲ್ಲಿ ಕೊಚ್ಚಿಯ ರಾಜ ಎಲ್ಲರೂ ಇದ್ದಾರೆ. ಬುರ್ಕ್‌ಮೈರ್ ಭಾರತಕ್ಕೆ ಕಾಲಿಟ್ಟವನಲ್ಲ. ಎಷ್ಟೋ ಊಹೆ ಮಾಡಿದ್ದಾನೆ. ಆದರೂ ಅಲ್ಲಿರುವವರು ಮನುಷ್ಯರು. ತಂದೆ, ತಾಯಿ, ಕೂಸು, ಎರಡು ಕೈ, ಎರಡು ಕಾಲು. ಒಂಟಿ ಪಾದದವರ ನಂತರ ಬರೀ ಹದಿನೈದು ವರ್ಷ! ಯಾರೋ ಒಬ್ಬ ಹೋಗಿ ನೋಡಿ ಬಂದ ಅನ್ನುವುದರಿಂದ ಮರದ ಅಚ್ಚು ಎಷ್ಟು ಬದಲಾಯಿತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಜೋಡಿ ನನಗೆ ಗೊತ್ತಿಲ್ಲ. ಕರಾವಳಿಯ ಮಕ್ಕಳಾದರೆ ಅಂಜದೀವದ ಹೆಸರು ಕೇಳಿದ ತಕ್ಷಣ ಕಿವಿ ನಿಮಿರಿಸುತ್ತಾರೆ.

ಡಿಜಿಟಲ್ ಪ್ರತಿಗಳನ್ನು ನೋಡುವಾಗ ಒಂದೇ ಪ್ರತಿಗೆ ನಿಲ್ಲಬೇಡಿ. ಲ್ಯಾಟಿನ್, ಜರ್ಮನ್ ಸೇರಿ ನೂರಾರು ಪ್ರತಿಗಳು ಉಳಿದಿವೆ. ಪ್ರತಿಯೊಂದಕ್ಕೂ ತನ್ನದೇ ಕಥೆ ಇದೆ. ಬಣ್ಣ ಅಚ್ಚಿನಲ್ಲಿ ಬಂದದ್ದಲ್ಲ, ಆಮೇಲೆ ಕೈಯಲ್ಲಿ ತುಂಬಿದ್ದು. ಹಾಗಾಗಿ ಒಂದು ಪ್ರತಿಯಲ್ಲಿ ಕೆಂಪು ಮಾಡು ಇರುವ ಊರಿಗೆ ಇನ್ನೊಂದರಲ್ಲಿ ನೀಲಿ ಇರಬಹುದು. ಶೇಡೆಲ್‌ನ ಸ್ವಂತ ಬಣ್ಣದ ಪ್ರತಿ ಮ್ಯೂನಿಕ್‌ನ ಬವೇರಿಯಾ ಸರ್ಕಾರಿ ಗ್ರಂಥಾಲಯದಲ್ಲಿದೆ. 169ನೇ ಹಾಳೆಯ ಹಿಂಬದಿಯನ್ನು ಮಾತ್ರ ಬೇರೆ ಬೇರೆ ಪ್ರತಿಗಳಲ್ಲಿ ಹೋಲಿಸಿ ನೋಡಿ. ಅಲ್ಲಿ ಪೋಪ್ ಕಿರೀಟ ಹಾಕಿದ ಹೆಂಗಸೊಬ್ಬಳು ಕೂಸು ಎತ್ತಿಕೊಂಡಿದ್ದಾಳೆ. ಗಂಡು ವೇಷದಲ್ಲಿ ಪೋಪ್ ಆದಳು ಅಂತ ಆಗ ಜನ ನಂಬಿದ್ದ ಜೋನ್‌ಳ ದಂತಕಥೆ ಅದು. ಎಷ್ಟೋ ಪ್ರತಿಗಳಲ್ಲಿ ಯಾರೋ ಅವಳ ಮೇಲೆ ಶಾಯಿ ಬಳಿದಿದ್ದಾರೆ, ಬರಹವನ್ನು ಹೊಡೆದುಹಾಕಿದ್ದಾರೆ. ಪುಸ್ತಕ ಮಾಡಿದವರ ಮನಸ್ಸಷ್ಟೇ ಅಲ್ಲ, ಓದಿದವರ ಸಿಟ್ಟೂ ಈ ಹಾಳೆಗಳಲ್ಲಿ ಉಳಿದಿದೆ.

ವ್ಯಾಪಾರದ ಮಾತು ಚಿಕ್ಕದಾಗಿ ಹೇಳಿಬಿಡುತ್ತೇನೆ. ಪುಸ್ತಕಕ್ಕೆ ಹೆಸರು ಬಂತು, ಹಣ ಅಷ್ಟು ಬರಲಿಲ್ಲ. ಆಗ್ಸ್‌ಬರ್ಗಿನ ಯೋಹಾನ್ ಶೋನ್‌ಸ್ಪರ್ಗರ್ 1496ರಲ್ಲೇ ಚಿಕ್ಕ ಆಕಾರದಲ್ಲಿ, ಕಮ್ಮಿ ಬೆಲೆಗೆ ನಕಲು ತಂದ. 1497ರಲ್ಲಿ ಲ್ಯಾಟಿನ್ನಿನಲ್ಲೂ ತಂದ. ಅದನ್ನು ತಡೆಯಲು ಆಗ ಕಾನೂನು ಇರಲಿಲ್ಲ. 1509ರಲ್ಲಿ ಲೆಕ್ಕ ಚುಕ್ತಾ ಮಾಡುವಾಗ ಐನೂರಕ್ಕೂ ಜಾಸ್ತಿ ಲ್ಯಾಟಿನ್ ಪ್ರತಿಗಳು ಮಾರದೆ ಉಳಿದಿದ್ದವು. ಈ ನಕಲಿನ ವಿಷಯ ನಿಮಗೂ ಬೇಕು, ಯಾಕಂದರೆ ಅದರ ಹಾಳೆಗಳೂ ಮಾರುಕಟ್ಟೆಗೆ ಬರುತ್ತವೆ.

ಈಗ ಆ ಹಾಳೆ. ಡ್ಯೂರರ್ ಹೆಸರು ಕೇಳಿ ಹಣ ಕೊಡಬೇಡಿ. ಅವನು 1486ರ ಕೊನೆಯಿಂದ 1489ರವರೆಗೆ ವೋಲ್ಗೆಮೂಟ್ ಹತ್ತಿರ ಕಲಿಯಲು ಇದ್ದ, ನಿಜ. ಕೋಬರ್ಗರ್ ಅವನ ಗಾಡ್‌ಫಾದರ್ (ಮಗುವಿನ ದೀಕ್ಷಾಸ್ನಾನದಲ್ಲಿ ಹೊಣೆ ಹೊರುವ ಧರ್ಮಪಿತ), ಅದೂ ನಿಜ. ಪುಸ್ತಕದ ತಯಾರಿ ಆಗಲೇ ಶುರುವಾಗಿತ್ತು. ಹಾಗಾಗಿ ಹುಡುಗನ ಕೈ ಎಲ್ಲೋ ಬಿದ್ದಿರಬಹುದು ಅಂತ ಪಂಡಿತರು ತುಂಬಾ ವಾದ ಮಾಡಿದ್ದಾರೆ. ಆದರೆ ಇದು ಡ್ಯೂರರ್‌ನದೇ ಅಂತ ಯಾವ ಒಂದು ಬ್ಲಾಕನ್ನೂ ಖಾತ್ರಿಯಾಗಿ ತೋರಿಸಲು ಆಗಿಲ್ಲ. ಜಾಹೀರಾತಿನಲ್ಲಿ ಆ ಹೆಸರು ಬರುವುದು ಬೆಲೆ ಏರಿಸಲು. ಅವನು ಏನು ಮಾಡಬಲ್ಲ ಅಂತ ನೋಡಬೇಕಾದರೆ ಬೈಬಲಿನ ಲೋಕಾಂತ್ಯದ ಕಥೆಗೆ ಅವನು ಮಾಡಿದ 1498ರ ಅಪೊಕ್ಯಾಲಿಪ್ಸ್ ಚಿತ್ರಗಳನ್ನು ನೋಡಿ. ಗುರುವಿನ ಮನೆಯಲ್ಲಿ ಶುರುವಾದ ಆ ಬಾಗುವ ಗೆರೆ ಅಲ್ಲಿ ಗಾಳಿ, ಬೆಂಕಿ, ಮೋಡ ಎಲ್ಲವೂ ಆಗಿದೆ.

ಡ್ಯೂರರ್ ಹೆಸರು ಬಿಟ್ಟರೂ ಹಾಳೆ ಹಾಳೆಯಾಗಿ ಒಳ್ಳೆಯದೇ ಇರಬಹುದು. ಪರೀಕ್ಷೆ ಹೀಗೆ ಮಾಡಿ. ಮೊದಲು ಬೆಳಕಿಗೆ ಹಿಡಿಯಿರಿ. ಕೈಯಲ್ಲಿ ಮಾಡಿದ ಕಾಗದದಲ್ಲಿ ಜಾಲರಿಯ ತಂತಿ ಗೆರೆಗಳು ಕಾಣಬೇಕು, ಕೆಲವು ಹಾಳೆಯಲ್ಲಿ ನೀರಚ್ಚೂ ಕಾಣುತ್ತದೆ. ಭೂತಗನ್ನಡಿಯಲ್ಲಿ ಗೆರೆ ನೋಡಿ. ಸಣ್ಣ ಸಣ್ಣ ಚುಕ್ಕೆಗಳಿಂದ ಆಗಿದ್ದರೆ ಅದು ಈಗಿನ ಆಫ್‌ಸೆಟ್ ಮುದ್ರಣ. ಮರದ ಅಚ್ಚಿನ ಗೆರೆ ಗಟ್ಟಿಯಾಗಿ ಒಂದೇ ಆಗಿರುತ್ತದೆ, ಕಾಗದದಲ್ಲಿ ಸ್ವಲ್ಪ ತಗ್ಗಿ ಕೂತಿರುತ್ತದೆ. ಹಿಂದುಗಡೆಯಿಂದ ಮೃದುವಾಗಿ ಬೆರಳಾಡಿಸಿದರೆ ಉಬ್ಬು ಗೊತ್ತಾಗುತ್ತದೆ. ಗೆರೆಯಲ್ಲಿ ಅಲ್ಲಲ್ಲಿ ಬಿಳಿ ಬಿರುಕು ಇದ್ದರೆ ಹೆದರಬೇಡಿ. ಬ್ಲಾಕ್ ಸವೆದದ್ದಕ್ಕೆ, ಚಕ್ಕೆ ಹಾರಿದ್ದಕ್ಕೆ ಅದು ಗುರುತು. ಪುಟದ ನೆತ್ತಿಯಲ್ಲಿ ಹಾಳೆಯ ಸಂಖ್ಯೆ ರೋಮನ್ ಅಂಕಿಯಲ್ಲಿರುತ್ತದೆ. ಪಕ್ಕದಲ್ಲಿ ‘ಫೋಲಿಯಂ’ ಅಂತ ಇದ್ದರೆ ಲ್ಯಾಟಿನ್, ‘ಬ್ಲಾಟ್’ ಅಂತ ಇದ್ದರೆ ಜರ್ಮನ್. ಆ ಸಂಖ್ಯೆ ಹಿಡಿದು ಡಿಜಿಟಲ್ ಪ್ರತಿಯ ಅದೇ ಹಾಳೆ ತೆಗೆದು ಸಾಲು ಸಾಲಾಗಿ ಹೋಲಿಸಿ. ಮೂಲ ಹಾಳೆ ದೊಡ್ಡದು, ಎತ್ತರ ಸುಮಾರು 45 ಸೆಂಟಿಮೀಟರ್. ಅಂಚು ಕತ್ತರಿಸಿದ್ದರೆ ಸ್ವಲ್ಪ ಕಮ್ಮಿ ಇರಬಹುದು. ತೀರಾ ಚಿಕ್ಕದಾಗಿದ್ದು ಚಿತ್ರವೂ ಒರಟಾಗಿದ್ದರೆ ಅದು ಶೋನ್‌ಸ್ಪರ್ಗರ್‌ನ ನಕಲಿನ ಹಾಳೆ ಇರಬಹುದು. ಅದೂ ಐನೂರು ವರ್ಷ ಹಳೆಯದೇ, ಆದರೆ ಕೋಬರ್ಗರ್‌ನದು ಅಂತ ಹೇಳಿ ಮಾರುವ ಹಾಗಿಲ್ಲ.

ಬಣ್ಣ ಇದ್ದರೆ ಇನ್ನೂ ಹುಷಾರು. ಬಣ್ಣದ ಹಾಳೆಗೆ ಬೆಲೆ ಜಾಸ್ತಿ ಅಂತ ಕಪ್ಪು ಬಿಳುಪಿನ ಹಳೆ ಹಾಳೆಗೆ ಈಚೆಗೆ ಬಣ್ಣ ತುಂಬುವವರಿದ್ದಾರೆ. ಹಸಿರನ್ನು ನೋಡಿ. ಆಗ ಹಸಿರಿಗೆ ಬಳಸುತ್ತಿದ್ದದ್ದು ತಾಮ್ರದ ಕಿಲುಬು. ಅದು ವರ್ಷ ಕಳೆದಂತೆ ಕಾಗದವನ್ನು ತಿನ್ನುತ್ತದೆ. ಹಾಳೆ ತಿರುಗಿಸಿದರೆ ಹಸಿರು ಇದ್ದ ಕಡೆ ಹಿಂದೆ ಕಂದು ಕಲೆ ಮೂಡಿರುತ್ತದೆ. ಹಸಿರು ತುಂಬಾ ಇದ್ದೂ ಹಿಂಬದಿ ಅಚ್ಚ ಬಿಳಿಯಾಗಿದ್ದರೆ ಯಾವಾಗ ಬಣ್ಣ ಹಾಕಿದ್ದು ಅಂತ ಮಾರುವವರನ್ನು ಕೇಳಿ.

ಇನ್ನೊಂದು ಮಾತನ್ನೂ ಕೇಳಿ: ಈ ಹಾಳೆ ಬಂದ ಪುಸ್ತಕ ಯಾವುದು, ಅದನ್ನು ಬಿಚ್ಚಿದ್ದು ಯಾವಾಗ? ಮೊದಲೇ ಹರಿದು ಹಾಳಾಗಿದ್ದ ಪ್ರತಿಯಿಂದ ಬಂದ ಹಾಳೆಯಾದರೆ ಕೊಳ್ಳಲು ನನ್ನ ಅಡ್ಡಿ ಇಲ್ಲ. ಪೂರ್ತಿ ಇದ್ದ ಪುಸ್ತಕವನ್ನು ಲಾಭಕ್ಕಾಗಿ ಬಿಡಿಸಿ ಒಂದೊಂದೇ ಹಾಳೆ ಮಾರುವವರಿಂದ ದಯವಿಟ್ಟು ಕೊಳ್ಳಬೇಡಿ. ಹಾಗೆ ಮಾಡಿದಾಗ ನ್ಯೂರೆಂಬರ್ಗ್, ವೆನಿಸ್ ಪುಟಗಳು ಮೊದಲು ಮಾರಿಹೋಗುತ್ತವೆ, ಬರೀ ಮಾತಿರುವ ಹಾಳೆಗಳು ಎಲ್ಲೋ ಮೂಲೆ ಸೇರುತ್ತವೆ. ನಿಮಗೆ ಬೇಕಾಗಿರುವುದು ತರಗತಿಗೆ ತಾನೆ? ಹಾಗಿದ್ದರೆ ವೈಮರ್‌ನಲ್ಲಿರುವ ಜರ್ಮನ್ ಪ್ರತಿಯಿಂದ 2001ರಲ್ಲಿ ತಂದ ಬಣ್ಣದ ಮರುಮುದ್ರಣ ಸಿಗುತ್ತದಾ ನೋಡಿ. ಅದರಲ್ಲಿ ಟ್ರೆಂಟ್ ಪುಟವೂ ಇದೆ, ಗಿರಣಿಯ ಪುಟವೂ ಇದೆ, ಮಕ್ಕಳು ಕೈ ಹಾಕಿ ತಿರುವಿದರೂ ಚಿಂತೆ ಇಲ್ಲ.